ಟೂ-ಸ್ಟ್ರೋಕ್ ಹೆಡ್: ಕಂಪ್ರೆಷನ್ ಏರಿಸುವ ಮೊದಲು ಸ್ಕ್ವಿಶ್ ಅಳೆಯಿರಿ

ಯಮಹಾ ಬ್ಯಾನ್ಶಿ ಎಂಬ ನಾಲ್ಕು ಚಕ್ರದ ಎಟಿವಿ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ಅಲ್ಲಿ ಅದರ ಮಾರಾಟ ನಿಂತದ್ದು 2006ರ ಮಾದರಿಯೊಂದಿಗೆ. ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಮರಳುದಿಬ್ಬಗಳಲ್ಲಿ ಇವತ್ತಿಗೂ ಅದನ್ನು ಓಡಿಸುವವರಿದ್ದಾರೆ. ನೀರಿನಿಂದ ತಣಿಯುವ, ರೀಡ್ ವಾಲ್ವ್ ಇರುವ, ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್ ಅದು. ಬೋರ್ 64 ಮಿ.ಮೀ., ಸ್ಟ್ರೋಕ್ 54 ಮಿ.ಮೀ., ಒಟ್ಟು 347 ಸಿಸಿ. ಈ ಅಂಕಿಗಳನ್ನು ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ನಮ್ಮ ಹಳೆಯ ಮೆಕ್ಯಾನಿಕ್‌ಗಳಿಗೆ ಅನ್ನಿಸಬೇಕು. ಎಂಬತ್ತರ ದಶಕದಲ್ಲಿ ಎಸ್ಕಾರ್ಟ್ಸ್ ಕಂಪನಿ ಇಲ್ಲಿ ತಯಾರಿಸಿದ ರಾಜದೂತ್ 350ರ ಬೋರ್, ಸ್ಟ್ರೋಕ್ ಕೂಡ ಇವೇ. ಅದು ಗಾಳಿಯಿಂದ ತಣಿಯುತ್ತಿತ್ತು, ಇದು ನೀರಿನಿಂದ ತಣಿಯುತ್ತದೆ. ಎರಡೂ ಯಮಹಾದ ಆರ್‌ಡಿ ಕುಟುಂಬದವು. ಹಾಗಾಗಿ ಮುಂದೆ ಹೇಳುವ ಲೆಕ್ಕ ಬ್ಯಾನ್ಶಿಯದಾದರೂ ಮನೆಯಲ್ಲಿ ರಾಜದೂತ್ 350 ಇಟ್ಟುಕೊಂಡವರು ಅದನ್ನು ಹಾಗೆಯೇ ಬಳಸಬಹುದು. ಆರ್‌ಎಕ್ಸ್ 100 ಅಥವಾ ಮೈಸೂರಿನ ಯೆಜ್ಡಿ ಇರುವವರು ಬೋರ್, ಸ್ಟ್ರೋಕ್ ಬದಲಿಸಿಕೊಂಡರೆ ಸಾಕು.

ಹೆಡ್ ಕೆಲಸಕ್ಕೆ ಬರುವವರಲ್ಲಿ ಹೆಚ್ಚಿನವರು ಕೇಳುವುದು, 'ಎಷ್ಟು ಮಿ.ಮೀ. ಫೇಸಿಂಗ್ ಮಾಡಿಸಲಿ?' ಎಂದು, ಎಂದರೆ ಕಂಪ್ರೆಷನ್ ಏರಿಸಲು ಹೆಡ್ಡಿನ ಮುಖ ಎಷ್ಟು ಸವೆಸಬೇಕು ಎಂದು. ಈ ಪ್ರಶ್ನೆಗೆ ಎಲ್ಲ ಎಂಜಿನ್ನಿಗೂ ಒಪ್ಪುವ ಉತ್ತರ ಇಲ್ಲ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ಅಂಚಿಗೂ ಹೆಡ್ಡಿಗೂ ನಡುವೆ ಉಳಿಯುವ ಸಂದು ಎಷ್ಟು ಎಂಬುದು ಮೊದಲು ಗೊತ್ತಾಗಬೇಕು. ಆ ಸಂದಿಗೆ ಸ್ಕ್ವಿಶ್ ಎನ್ನುತ್ತಾರೆ. ಹೆಡ್ಡಿನ ಒಳಗೆ ಮಧ್ಯದಲ್ಲಿ ಬಟ್ಟಲಿನಂಥ ಗುಳಿ ಇರುತ್ತದೆ. ಅದರ ಸುತ್ತ ಉಂಗುರದಂತೆ ಇರುವ, ಪಿಸ್ಟನ್ ಅಂಚಿಗೆ ಬಹುತೇಕ ತಾಗುವಂತೆ ಕಾಣುವ ಪಟ್ಟಿಯೇ ಸ್ಕ್ವಿಶ್ ಪಟ್ಟಿ. ಪಿಸ್ಟನ್ ಮೇಲೇರುವಾಗ ಆ ಸಂದಿಯಲ್ಲಿದ್ದ ಗಾಳಿ-ಪೆಟ್ರೋಲ್ ಮಿಶ್ರಣ ಹಿಂಡಿಕೊಂಡು ರಭಸವಾಗಿ ನಡುವಿನ ಗುಳಿಗೆ ನುಗ್ಗುತ್ತದೆ. ಅಲ್ಲಿ ಸುಳಿ ಎದ್ದು ಪ್ಲಗ್ಗಿನ ಕಿಡಿ ಹೊತ್ತಿಸಿದ ಜ್ವಾಲೆ ಬೇಗ ಹರಡುತ್ತದೆ. ಅಂಚಿನಲ್ಲಿ ಉಳಿದ ತೆಳುವಾದ ಪದರ ಒಂದು ಕಡೆ ಹೆಡ್ಡಿಗೆ, ಇನ್ನೊಂದು ಕಡೆ ಪಿಸ್ಟನ್ನಿಗೆ ಶಾಖ ಬಿಟ್ಟುಕೊಟ್ಟು ತಣ್ಣಗಿರುತ್ತದೆ. ತಾನಾಗಿ ಸಿಡಿಯುವುದಿಲ್ಲ.

ಈ ಸಂದು ಅಗಲವಾದರೆ ಎರಡೂ ಕೆಡುತ್ತವೆ. ಸುಳಿ ಏಳುವುದಿಲ್ಲ. ಅಂಚಿನಲ್ಲಿ ಸಾಕಷ್ಟು ಮಿಶ್ರಣ ಬಿಸಿಯಾಗಿ ಉಳಿದು, ಜ್ವಾಲೆ ಬಂದು ತಲುಪುವ ಮೊದಲೇ ಒಮ್ಮೆಲೇ ಸ್ಫೋಟಿಸುತ್ತದೆ. ಅದೇ ನಾಕಿಂಗ್. ಕಂಪ್ರೆಷನ್ ಕಡಿಮೆ ಇದ್ದೂ ಸ್ಕ್ವಿಶ್ ಸಡಿಲವಾಗಿರುವ ಎಂಜಿನ್ ನಾಕ್ ಮಾಡಬಹುದು. ಕಂಪ್ರೆಷನ್ ಸ್ವಲ್ಪ ಹೆಚ್ಚಿದ್ದೂ ಸ್ಕ್ವಿಶ್ ಬಿಗಿಯಾಗಿರುವ ಎಂಜಿನ್ ಅದೇ ಪೆಟ್ರೋಲಿನಲ್ಲಿ ಸುಮ್ಮನೆ ಓಡಬಹುದು. ಗಾರ್ಡನ್ ಜೆನ್ನಿಂಗ್ಸ್ 1973ರಲ್ಲಿ ಟೂ-ಸ್ಟ್ರೋಕ್ ಟ್ಯೂನಿಂಗ್ ಕುರಿತ ತಮ್ಮ ಕೈಪಿಡಿ ಹೊರತಂದು ಅರ್ಧ ಶತಮಾನ ಕಳೆದಿದೆ. ಆದರೂ ಕಂಪ್ರೆಷನ್ ಎಂದರೆ ಹೆಡ್ ಸವೆಸುವುದು ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಹಾಗೇ ಇದೆ. ಕಾರ್ಖಾನೆಯವರು ಸ್ಕ್ವಿಶ್ ಅನ್ನು ಬೇಕೆಂದೇ ಸಡಿಲ ಬಿಡುತ್ತಾರೆ. ಲಕ್ಷಗಟ್ಟಲೆ ಎಂಜಿನ್ ಎರಕ ಹೊಯ್ಯುವಾಗ ಅಳತೆಯ ಏರುಪೇರು ತಪ್ಪಿದ್ದಲ್ಲ. ಯಾವುದೇ ಊರಿನ ಯಾವುದೇ ಪೆಟ್ರೋಲಿಗೂ ಎಂಜಿನ್ ತಾಳಬೇಕು. ಅವರು ಬಿಟ್ಟ ಆ ಸಡಿಲವೇ ನಮಗೆ ಸಿಗುವ ಅವಕಾಶ.

ಬಿಚ್ಚುವ ಮೊದಲು ಎರಡು ಪರೀಕ್ಷೆ

ಮೊದಲನೆಯದು ಸೋರಿಕೆ ಪರೀಕ್ಷೆ. ಕಾರ್ಬುರೇಟರ್ ಕಡೆಯ ಬಾಯಿ, ಸೈಲೆನ್ಸರ್ ಕಡೆಯ ಬಾಯಿ ಎರಡನ್ನೂ ರಬ್ಬರ್ ಬಿರಡೆಯಿಂದ ಮುಚ್ಚಿ, ಸುಮಾರು 6 ಪಿಎಸ್‌ಐ ಗಾಳಿ ತುಂಬಿ. ಆರು ನಿಮಿಷವಾದರೂ ಒತ್ತಡ ನಿಲ್ಲಬೇಕು. ಇಳಿದರೆ ಸೋಪಿನ ನೀರು ಹಚ್ಚಿ ಎಲ್ಲಿ ಗುಳ್ಳೆ ಏಳುತ್ತದೆ ನೋಡಿ. ಕ್ರ್ಯಾಂಕ್ ಸೀಲು, ಸಿಲಿಂಡರ್ ಬುಡದ ಗ್ಯಾಸ್ಕೆಟ್, ರೀಡ್ ಬ್ಲಾಕಿನ ಜೋಡಣೆ ಇವೇ ಮಾಮೂಲಿ ಜಾಗಗಳು. ಗಾಳಿ ಒಳಗೆ ಸೋರುವ ಎಂಜಿನ್ನಿಗೆ ಪೆಟ್ರೋಲ್ ಸಾಲದೆ ಪಿಸ್ಟನ್ ಕಾದು ಕರಗುತ್ತದೆ. ಅಂಥ ಎಂಜಿನ್ನಿನ ಕಂಪ್ರೆಷನ್ ಏರಿಸಿದರೆ ಅದು ಇನ್ನೂ ಬೇಗ ಕರಗುತ್ತದೆ, ಅಷ್ಟೇ. ಈ ಪರೀಕ್ಷೆಯಲ್ಲಿ ಗೆಲ್ಲದಿದ್ದರೆ ಹೆಡ್ ಕೆಲಸವನ್ನು ಮುಂದೂಡಿ.

ಎರಡನೆಯದು ಗೇಜ್ ಹಾಕಿ ಕಿಕ್ ಹೊಡೆದು ನೋಡುವ ಒತ್ತಡ. ಎಂಜಿನ್ ಬಿಸಿ ಇರಲಿ, ಥ್ರಾಟಲ್ ಪೂರ್ತಿ ತೆರೆದಿರಲಿ. ಮುಳ್ಳು ಮತ್ತೆ ಏರದೆ ನಿಲ್ಲುವವರೆಗೆ ಕಿಕ್ ಮಾಡಿ. ಎರಡು ಸಿಲಿಂಡರುಗಳ ನಡುವೆ ಹತ್ತು ಪಿಎಸ್‌ಐಗಿಂತ ಹೆಚ್ಚು ಅಂತರ ಕಂಡರೆ ರಿಂಗು, ಬೋರು ಸವೆದಿವೆಯೇ ನೋಡಬೇಕು. ಸವೆದ ಬೋರಿನ ಮೇಲೆ ಹೊಸ ಹೆಡ್ ಕೂರಿಸುವುದು ದುಡ್ಡು ದಂಡ. ಊರಿನ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಮುದ್ರಮಟ್ಟದಿಂದ ಮೇಲೇರಿದಂತೆ ಪ್ರತಿ 300 ಮೀಟರಿಗೆ ಗಾಳಿಯ ಸಾಂದ್ರತೆ ಸುಮಾರು ಶೇ 3ರಷ್ಟು ಇಳಿಯುತ್ತದೆ. ಮಂಗಳೂರಿನಲ್ಲಿ 130 ತೋರಿಸಿದ ಎಂಜಿನ್ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 118ರ ಆಸುಪಾಸು ತೋರಿಸುತ್ತದೆ. ಎಂಜಿನ್ ಕೆಟ್ಟಿಲ್ಲ, ಗಾಳಿ ತೆಳುವಾಗಿದೆ. ಹಾಗೆಯೇ 1600 ಮೀಟರ್ ಎತ್ತರದ ಡೆನ್ವರಿನಲ್ಲಿ ಸರಿಹೋದ ಹೆಡ್ಡನ್ನು ಸಮುದ್ರಮಟ್ಟಕ್ಕೆ ಹತ್ತಿರದ ಗ್ಲಾಮಿಸ್‌ಗೆ ಒಯ್ದರೆ ನಾಕಿಂಗ್ ಶುರುವಾಗಬಹುದು. ಬೇರೆ ಊರಿನವರು ಹೇಳಿದ ಒತ್ತಡದ ಅಂಕಿಯನ್ನು ಹಾಗೇ ನಂಬಬೇಡಿ ಎನ್ನುವುದು ಇದಕ್ಕೇ.

ಸೀಸದ ತಂತಿಯ ಅಳತೆ

ಸ್ಕ್ವಿಶ್ ಅಳೆಯಲು ದುಬಾರಿ ಸಾಧನ ಬೇಡ. ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ, 2 ಮಿ.ಮೀ. ದಪ್ಪದ, ಮೆತ್ತನೆಯ ಬೆಸುಗೆ ಸೀಸ ಮತ್ತು ಒಂದು ಡಿಜಿಟಲ್ ವರ್ನಿಯರ್ ಸಾಕು. ಹೆಡ್ ತೆಗೆದು ಪಿಸ್ಟನ್ ತಲೆ, ಹೆಡ್ಡಿನ ಒಳಮೈ ಎರಡರ ಮೇಲಿನ ಕಾರ್ಬನ್ ಪೂರ್ತಿ ತೆಗೆಯಿರಿ. ಸೀಸವನ್ನು ಎರಡು ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿ, ಗಜನ್ ಪಿನ್ ಯಾವ ದಿಕ್ಕಿಗೆ ಇದೆಯೋ ಆ ಗೆರೆಯ ಮೇಲೆಯೇ, ಪಿಸ್ಟನ್ನಿನ ಎರಡೂ ಅಂಚಿಗೆ ಗ್ರೀಸಿನಿಂದ ಅಂಟಿಸಿ. ತುಂಡಿನ ತುದಿ ಸಿಲಿಂಡರ್ ಗೋಡೆಗೆ ತಾಗಿರಬೇಕು. ಪಿನ್ನಿಗೆ ಅಡ್ಡಲಾಗಿ, ಎಂದರೆ ಮುಂದೆ-ಹಿಂದೆ, ಇಟ್ಟರೆ ಪಿಸ್ಟನ್ ವಾಲಿಕೊಂಡು ಅಳತೆ ಸುಳ್ಳಾಗುತ್ತದೆ.

ಮುಂದೆ ಬಳಸಲಿರುವ ಗ್ಯಾಸ್ಕೆಟ್ ದಪ್ಪವೇ ಇರುವ ಗ್ಯಾಸ್ಕೆಟ್ ಹಾಕಿ ಹೆಡ್ ಕೂರಿಸಿ, ಸರ್ವಿಸ್ ಮ್ಯಾನುಯಲ್ ಹೇಳಿದ ಟಾರ್ಕಿಗೆ ನಟ್ಟುಗಳನ್ನು ಬಿಗಿಯಿರಿ. ಕೈಬಿಗಿಯಲ್ಲಿ ಅಳೆದರೆ ಗ್ಯಾಸ್ಕೆಟ್ ಅಮುಕದೆ ಅಳತೆ ತಪ್ಪುತ್ತದೆ. ಎರಡೂ ಪ್ಲಗ್ ಬಿಚ್ಚಿ, ಮ್ಯಾಗ್ನೆಟ್ ನಟ್ಟಿಗೆ ಸ್ಪ್ಯಾನರ್ ಕೊಟ್ಟು ಎಂಜಿನ್ನನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಕಿಕ್ ಹೊಡೆಯಬೇಡಿ. ಹೆಡ್ ತೆಗೆದು ಚಪ್ಪಟೆಯಾದ ತುದಿಯನ್ನು ವರ್ನಿಯರಿನಲ್ಲಿ ಹಿಡಿಯಿರಿ. ಒಂದು ಸಿಲಿಂಡರಿಗೆ ಎರಡು ಅಳತೆ, ಎರಡು ಸಿಲಿಂಡರಿಗೆ ನಾಲ್ಕು. ನಾಲ್ಕರಲ್ಲಿ ಅತಿ ಕಡಿಮೆ ಬಂದದ್ದನ್ನೇ ಆಧಾರವಾಗಿ ಇಟ್ಟುಕೊಳ್ಳಿ. ಸೀಸಕ್ಕೆ ಗುರುತೇ ಬೀಳದಿದ್ದರೆ ಸಂದು 2 ಮಿ.ಮೀ.ಗಿಂತ ದೊಡ್ಡದು. ದಪ್ಪ ತಂತಿ ತಂದು ಮತ್ತೆ ಅಳೆಯಿರಿ.

ಬ್ಯಾನ್ಶಿಯಂತೆ ಪ್ರತಿ ಸಿಲಿಂಡರ್ 175 ಸಿಸಿ ಸುತ್ತ ಇರುವ ಎಂಜಿನ್ನಿಗೆ 1.0ರಿಂದ 1.2 ಮಿ.ಮೀ. ಒಳ್ಳೆಯ ಗುರಿ. ರೇಸಿನವರು ಅದಕ್ಕೂ ಕೆಳಗೆ ಹೋಗುತ್ತಾರೆ. ಆದರೆ ಹೆಚ್ಚಿನ ಆರ್‌ಪಿಎಮ್‌ನಲ್ಲಿ ಕನೆಕ್ಟಿಂಗ್ ರಾಡ್ ಕೂದಲೆಳೆಯಷ್ಟು ಹಿಗ್ಗುತ್ತದೆ, ಬೇರಿಂಗುಗಳ ಸಡಿಲವೂ ಅದಕ್ಕೆ ಸೇರುತ್ತದೆ. ಕಾರ್ಬನ್ ಕೂಡ ಕೂರುತ್ತದೆ. ಹಳೆಯ ಕ್ರ್ಯಾಂಕ್ ಇರುವವರು 1.2ರಲ್ಲೇ ನಿಂತರೆ ಕ್ಷೇಮ.

ಸಿಸಿ ಅಳೆದು ಲೆಕ್ಕ ಹಾಕುವುದು

ಈಗ ದಹನ ಕೋಣೆಯ ಗಾತ್ರ. ಪಿಸ್ಟನ್ನನ್ನು ಟಿಡಿಸಿಗೆ, ಎಂದರೆ ಪೂರ್ತಿ ಮೇಲಕ್ಕೆ, ತನ್ನಿ. ಡಯಲ್ ಗೇಜ್ ಇದ್ದರೆ ಅದರಲ್ಲೇ ನೋಡಿ. ಅಂಚಿಗೆ ತೆಳುವಾಗಿ ಗ್ರೀಸ್ ಸವರಿ ರಿಂಗಿನ ಕಡೆಗೆ ದ್ರವ ಇಳಿಯದಂತೆ ಮಾಡಿ, ಹೆಡ್ ಕೂರಿಸಿ ಬಿಗಿಯಿರಿ. ಪ್ಲಗ್ ತೂತು ನೆಟ್ಟಗೆ ಮೇಲ್ಮುಖವಾಗಿ ನಿಲ್ಲುವಂತೆ ಎಂಜಿನ್ನನ್ನು ವಾಲಿಸಬೇಕು. ಇಲ್ಲದಿದ್ದರೆ ಒಳಗೆ ಗಾಳಿ ಗುಳ್ಳೆ ಉಳಿಯುತ್ತದೆ. ಸೀಮೆಎಣ್ಣೆಗೆ ಸ್ವಲ್ಪ 2ಟಿ ಆಯಿಲ್ ಬೆರೆಸಿ, ಶಾಲೆಯ ಪ್ರಯೋಗಾಲಯದಲ್ಲಿ ಬಳಸುವಂಥ 50 ಸಿಸಿ ಬ್ಯುರೆಟ್ಟಿನಿಂದ ಹನಿಹನಿಯಾಗಿ ಬಿಡಿ. ಪ್ಲಗ್ಗಿನ ಮರೆಯ ಕೆಳಗಿನ ಸುತ್ತು ಮುಟ್ಟಿದ ಕೂಡಲೇ ನಿಲ್ಲಿಸಿ ಓದಿಕೊಳ್ಳಿ. ಮೂರು ಸಲ ಅಳೆದು ಒಂದೇ ಉತ್ತರ ಬಂದರೆ ಮಾತ್ರ ಬರೆದಿಟ್ಟುಕೊಳ್ಳಿ. ಎರಡು ಸಿಲಿಂಡರುಗಳ ನಡುವೆ 0.2 ಸಿಸಿಗಿಂತ ಹೆಚ್ಚು ವ್ಯತ್ಯಾಸ ಉಳಿಯಬಾರದು.

ಲೆಕ್ಕ ಕಷ್ಟದ್ದಲ್ಲ. 6.4 ಸೆಂ.ಮೀ.ಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.7854ರಿಂದ ಗುಣಿಸಿದರೆ ಬೋರಿನ ವಿಸ್ತೀರ್ಣ 32.17 ಚದರ ಸೆಂ.ಮೀ. ಸ್ಟ್ರೋಕ್ 5.4ರಿಂದ ಗುಣಿಸಿದರೆ ಒಂದು ಸಿಲಿಂಡರ್ 173.7 ಸಿಸಿ. ಕೋಣೆ 16.5 ಸಿಸಿ ಬಂತು ಎಂದಿಟ್ಟುಕೊಳ್ಳಿ. ಎರಡನ್ನೂ ಕೂಡಿ 16.5ರಿಂದ ಭಾಗಿಸಿದರೆ ಕಂಪ್ರೆಷನ್ ಅನುಪಾತ 11.5. ಆದರೆ ಯಮಹಾ ಬ್ಯಾನ್ಶಿಗೆ ಕೊಟ್ಟಿರುವ ಅಂಕಿ 6.5! ಗಾಬರಿ ಬೇಡ. ಟೂ-ಸ್ಟ್ರೋಕಿನಲ್ಲಿ ಎಕ್ಸಾಸ್ಟ್ ಪೋರ್ಟ್ ಮುಚ್ಚುವವರೆಗೆ ಏನೂ ಹಿಂಡಿಕೊಳ್ಳುವುದಿಲ್ಲ. ಹೀಗಾಗಿ ಜಪಾನಿನ ಕಂಪನಿಗಳು ಪೋರ್ಟ್ ಮುಚ್ಚಿದ ಮೇಲಿನ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತವೆ. ಎಕ್ಸಾಸ್ಟ್ ಪೋರ್ಟಿನ ಮೇಲಂಚು ಟಿಡಿಸಿಯಿಂದ 28 ಮಿ.ಮೀ. ಕೆಳಗಿದ್ದರೆ ಹಿಂಡುವ ಗಾತ್ರ 32.17 × 2.8, ಎಂದರೆ 90.1 ಸಿಸಿ. ಅದಕ್ಕೆ 16.5 ಕೂಡಿ 16.5ರಿಂದ ಭಾಗಿಸಿದರೆ 6.46. ಯುರೋಪಿನ ಹಳೆಯ ಪುಸ್ತಕಗಳಲ್ಲಿ ಪೂರ್ತಿ ಸ್ಟ್ರೋಕಿನ ಲೆಕ್ಕವೇ ಹೆಚ್ಚು. ಯಾರಾದರೂ 'ನನ್ನದು ಹನ್ನೆರಡು' ಎಂದಾಗ ಯಾವ ಲೆಕ್ಕದಲ್ಲಿ ಎಂದು ಕೇಳಿ.

ಈಗ ಸೀಸ 1.6 ಮಿ.ಮೀ. ತೋರಿಸಿತ್ತು ಅನ್ನಿ. ಗುರಿ 1.1. ಎಂದರೆ 0.5 ಮಿ.ಮೀ. ಇಳಿಸಬೇಕು. ಬೋರಿನ ವಿಸ್ತೀರ್ಣದ ಪ್ರಕಾರ ಪ್ರತಿ 0.1 ಮಿ.ಮೀ.ಗೆ 0.32 ಸಿಸಿ ಕಡಿಮೆಯಾಗುತ್ತದೆ. ಅರ್ಧ ಮಿ.ಮೀ.ಗೆ 1.6 ಸಿಸಿ. ಕೋಣೆ 14.9ಕ್ಕೆ ಇಳಿದು ಅನುಪಾತ 7.05ಕ್ಕೆ ಏರುತ್ತದೆ. ಪೂರ್ತಿ ಸ್ಟ್ರೋಕಿನ ಲೆಕ್ಕದಲ್ಲಿ 12.7. ಬಂಕಿನ ಪೆಟ್ರೋಲಿಗೆ ಇಷ್ಟು ಸಾಕು. ಸ್ಕ್ವಿಶ್ ಸರಿಮಾಡಿದ ಮೇಲೆ ಅನುಪಾತ ಬೇಕಾದ್ದಕ್ಕಿಂತ ಹೆಚ್ಚಾಗಿ ಬಂದರೆ ನಡುವಿನ ಗುಳಿಯನ್ನು ಸ್ವಲ್ಪ ಕೊರೆದು ದೊಡ್ಡದು ಮಾಡಿ. ಸ್ಕ್ವಿಶ್ ಅನ್ನು ಮಾತ್ರ ಬಿಟ್ಟುಕೊಡಬೇಡಿ. ಈ ಇಡೀ ಕೆಲಸದಲ್ಲಿ ನಾನು ಪಟ್ಟು ಹಿಡಿದು ಹೇಳುವ ಮಾತು ಇದೊಂದೇ.

ಲೇತೋ, ಮಿಲ್ಲಿಂಗೋ?

ಬ್ಯಾನ್ಶಿಯಲ್ಲಿ ಎರಡು ಸಿಲಿಂಡರಿಗೂ ಸೇರಿ ಒಂದೇ ಹೆಡ್. ಅದನ್ನು ಲೇತಿನಲ್ಲಿ ತಿರುಗಿಸುವುದು ತ್ರಾಸದ ಕೆಲಸ. ಮಿಲ್ಲಿಂಗ್ ಮೆಷಿನ್ನಿನಲ್ಲಿ ಫ್ಲೈ ಕಟರ್ ಹಾಕಿ ಮುಖ ತೆಗೆಯಬೇಕು, ಆಮೇಲೆ ಪ್ರತಿ ಕೋಣೆಯನ್ನೂ ಬೇರೆಬೇರೆಯಾಗಿ ಕೇಂದ್ರಕ್ಕೆ ತಂದು ಸ್ಕ್ವಿಶ್ ಪಟ್ಟಿ ಕೊರೆಯಬೇಕು. ಇದಕ್ಕೆ ಬೇಸತ್ತ ಅಮೆರಿಕದವರಿಗೆ ಪ್ರೋ ಡಿಸೈನ್ ಎಂಬ ಕಂಪನಿ 'ಕೂಲ್ ಹೆಡ್' ಮಾಡಿಕೊಟ್ಟಿದೆ. ಅದರ ಒಳಗಿನ ಗುಮ್ಮಟಗಳನ್ನು ಮಾತ್ರ ಬದಲಿಸಬಹುದು. ಬೇರೆಬೇರೆ ಸಿಸಿಯ ಗುಮ್ಮಟ ಸಿಗುತ್ತವೆ, ಗ್ಯಾಸ್ಕೆಟ್ ಬದಲು ಓ-ರಿಂಗ್ ಇರುತ್ತದೆ. ಹಣ ಇರುವವರಿಗೆ ಅದು ನೇರ ದಾರಿ. ಆದರೆ ಗುಮ್ಮಟದ ಮೇಲೆ ಬರೆದಿರುವ ಸಿಸಿ ಅದೊಂದರದ್ದೇ ಅಳತೆ. ಪಿಸ್ಟನ್ನಿನ ಉಬ್ಬು, ಸಂದಿನ ಗಾತ್ರ ಅದರಲ್ಲಿ ಸೇರಿಲ್ಲ. ಕೂರಿಸಿದ ಮೇಲೆ ಸೀಸ, ಬ್ಯುರೆಟ್ ಎರಡೂ ಮತ್ತೆ ಬೇಕೇ ಬೇಕು.

ರಾಜದೂತ್ 350ಕ್ಕೆ ಈ ತಾಪತ್ರಯ ಇಲ್ಲ. ಒಂದೊಂದು ಸಿಲಿಂಡರಿಗೂ ಬೇರೆ ಹೆಡ್. ಪ್ಲಗ್ ತೂತಿನ 14 ಮಿ.ಮೀ. ಮರೆಗೆ ಕೂರುವ ಒಂದು ಮ್ಯಾಂಡ್ರೆಲ್ ಮಾಡಿಸಿಕೊಂಡು ಲೇತಿನ ಚಕ್ಕಿಗೆ ಹಿಡಿಸಿದರೆ ಕೆಲಸ ಸಲೀಸು.

ಮುಖ ಸವೆಸಿದ ಮೇಲೆ ಹಲವರು ಮರೆಯುವ ಹಂತ ಒಂದಿದೆ. ಸ್ಕ್ವಿಶ್ ಪಟ್ಟಿ ಇಳಿಜಾರಾಗಿ ಇರುವುದರಿಂದ, ಮುಖ ಇಳಿಸಿದಷ್ಟೂ ಕೋಣೆಯ ಬಾಯಿ ಕಿರಿದಾಗುತ್ತದೆ. ಹಾಗೆಯೇ ಬಿಟ್ಟರೆ ಪಿಸ್ಟನ್ನಿನ ಅಂಚು ಹೆಡ್ಡಿನ ಸಪಾಟು ಭಾಗಕ್ಕೆ ಬಡಿಯಬಹುದು. ಹಾಗಾಗಿ ಪಟ್ಟಿಯನ್ನು ಮತ್ತೆ ಕೊರೆದು, ಬಾಯಿಯ ವ್ಯಾಸ ಬೋರಿಗಿಂತ ಅರ್ಧದಿಂದ ಒಂದು ಮಿ.ಮೀ. ಹೆಚ್ಚಿರುವಂತೆ ನೋಡಿಕೊಳ್ಳಬೇಕು. ಪಟ್ಟಿಯ ಇಳಿಜಾರು ಪಿಸ್ಟನ್ ತಲೆಯ ಇಳಿಜಾರಿಗೆ ಹೊಂದಿರಲಿ, ನಡುವಿನ ಕಡೆಗೆ ಸಂದು ಒಂದು ಡಿಗ್ರಿ ತೆರೆದುಕೊಳ್ಳಲಿ. ಪಟ್ಟಿ ಬೋರಿನ ಅರ್ಧ ವಿಸ್ತೀರ್ಣ ಆಕ್ರಮಿಸಿದರೆ ಚೆನ್ನ. 64 ಮಿ.ಮೀ. ಬೋರಿನಲ್ಲಿ ಅದು ಸುಮಾರು 9.4 ಮಿ.ಮೀ. ಅಗಲದ ಉಂಗುರ, ನಡುವಿನ ಗುಳಿ ಸುಮಾರು 45 ಮಿ.ಮೀ. ಗುಳಿ ಪಟ್ಟಿಗೆ ಸೇರುವ ಮೂಲೆ ಚೂಪಾಗಿರಬಾರದು. ಚೂಪು ಅಂಚು ಕಾದು ಕೆಂಪಾಗಿ, ಕಿಡಿ ಬರುವ ಮೊದಲೇ ಮಿಶ್ರಣಕ್ಕೆ ಬೆಂಕಿ ಹೊತ್ತಿಸುತ್ತದೆ.

ಕೊನೆಯಲ್ಲಿ ದಪ್ಪ ಗಾಜಿನ ಹಲಗೆಯ ಮೇಲೆ 400 ನಂಬರಿನ ಎಮರಿ ಕಾಗದ ಅಂಟಿಸಿ, ಸೀಮೆಎಣ್ಣೆ ಹಾಕಿ, ಹೆಡ್ಡನ್ನು ಎಂಟರ ಆಕಾರದಲ್ಲಿ ಉಜ್ಜಿ. ಮೈಯೆಲ್ಲ ಒಂದೇ ಬೂದುಬಣ್ಣಕ್ಕೆ ಬಂದರೆ ಸಪಾಟಾಗಿದೆ ಎಂದು ಅರ್ಥ. ನೀರಿನ ದಾರಿಗಳಲ್ಲಿ ಎಮರಿ ಪುಡಿ ಉಳಿಯದಂತೆ ಸೋಪುನೀರಿನಲ್ಲಿ ತೊಳೆದು ಗಾಳಿ ಹೊಡೆಯಿರಿ. ಹೆಡ್ ಮುಟ್ಟದೆ ಸಿಲಿಂಡರ್ ಬುಡದ ಗ್ಯಾಸ್ಕೆಟ್ಟನ್ನೇ ತೆಳ್ಳಗೆ ಮಾಡಿದರಾಯಿತು ಎನ್ನುವವರಿದ್ದಾರೆ. ಹಾಗೆ ಮಾಡಿದರೆ ಸಿಲಿಂಡರೇ ಕೆಳಗಿಳಿದು ಪೋರ್ಟುಗಳು ತೆರೆಯುವ, ಮುಚ್ಚುವ ಸಮಯ ಬದಲಾಗುತ್ತದೆ. ಅದು ಬೇರೆಯದೇ ಕೆಲಸ.

ಜೋಡಣೆ, ಪೆಟ್ರೋಲು, ಜೆಟ್ಟು

ಹೊಸ ಗ್ಯಾಸ್ಕೆಟ್ ಹಾಕಿ. ನಡುವಿನ ನಟ್ಟುಗಳಿಂದ ಶುರುಮಾಡಿ ಎದುರುಬದುರಾಗಿ, ಮೂರು ಹಂತದಲ್ಲಿ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಮತ್ತೊಮ್ಮೆ ಸೀಸ ಇಟ್ಟು ಸಂದು ನೋಡದೆ ಸ್ಟಾರ್ಟ್ ಮಾಡಬೇಡಿ. ಮೊದಲ ಸಲ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಅದೇ ಟಾರ್ಕಿಗೆ ನೋಡಿ.

ಆಕ್ಟೇನ್ ಅಂಕಿಯ ವಿಷಯದಲ್ಲಿ ಎಚ್ಚರ. ಅಮೆರಿಕದ ಬಂಕಿನಲ್ಲಿ ಬರೆದಿರುವುದು ಎರಡು ಬಗೆಯ ಪರೀಕ್ಷೆಗಳ ಸರಾಸರಿ. ನಮ್ಮಲ್ಲಿ ಬರೆಯುವುದು ರಿಸರ್ಚ್ ಆಕ್ಟೇನ್ ಒಂದನ್ನೇ. ಅಲ್ಲಿನ 91 ನಮ್ಮ ಲೆಕ್ಕದಲ್ಲಿ ಸುಮಾರು 95ರಿಂದ 96. ಅಲ್ಲಿನವರು '91ರಲ್ಲಿ ಓಡುತ್ತದೆ' ಎಂದ ಹೆಡ್ಡಿಗೆ ನಮ್ಮ 91 ಸುರಿದರೆ ಪಿಸ್ಟನ್ ಉಳಿಯುವುದು ಕಷ್ಟ. ಸಾಧಾರಣವಾಗಿ ಅಲ್ಲಿನ ಪ್ರೀಮಿಯಂ ಪೆಟ್ರೋಲಿನಲ್ಲಿ ಬ್ಯಾನ್ಶಿಯ ಗೇಜ್ ಒತ್ತಡ 150 ಪಿಎಸ್‌ಐ ದಾಟದಂತೆ ನೋಡಿಕೊಳ್ಳುವುದು ರೂಢಿ. ಅದರಾಚೆ ರೇಸ್ ಪೆಟ್ರೋಲ್ ಬೇಕು. ಎಥನಾಲ್ ಬೆರೆತ ಪೆಟ್ರೋಲ್ ನಾಕಿಂಗ್ ತಡೆಯುತ್ತದೆ, ನಿಜ. ಆದರೆ ಅದು ಉರಿಯಲು ಕಡಿಮೆ ಗಾಳಿ ಸಾಕು. ಹಳೆಯ ಜೆಟ್ಟಿನಲ್ಲೇ ಓಡಿಸಿದರೆ ಮಿಶ್ರಣ ತೆಳುವಾಗುತ್ತದೆ. ಮೇನ್ ಜೆಟ್ಟನ್ನು ಒಂದೆರಡು ಸೈಜ್ ದೊಡ್ಡದು ಹಾಕಿಯೇ ಶುರುಮಾಡಿ, ಆಮೇಲೆ ಒಂದೊಂದಾಗಿ ಇಳಿಸುತ್ತ ಬನ್ನಿ. ಎಥನಾಲ್ ನೀರನ್ನೂ ಹೀರುತ್ತದೆ. ಆಯಿಲ್ ಬೆರೆಸಿದ ಪೆಟ್ರೋಲನ್ನು ತಿಂಗಳುಗಟ್ಟಲೆ ಕ್ಯಾನಿನಲ್ಲಿ ಇಡಬೇಡಿ.

ಬ್ಯಾನ್ಶಿಗೆ ಕಂಪನಿಯ ಪ್ಲಗ್ ಎನ್‌ಜಿಕೆ ಬಿ8ಇಎಸ್. ಎನ್‌ಜಿಕೆಯಲ್ಲಿ ಅಂಕಿ ಏರಿದಂತೆ ಪ್ಲಗ್ ತಣ್ಣಗಿನದು. ದಿಬ್ಬಗಳಲ್ಲಿ ದೀರ್ಘ ಕಾಲ ಪೂರ್ತಿ ಥ್ರಾಟಲಿನಲ್ಲಿ ಓಡಿಸುವವರು 9ಕ್ಕೆ ಹೋಗಬಹುದು. ಇಗ್ನಿಷನ್ ಟೈಮಿಂಗನ್ನು ಇದೇ ಹೊತ್ತಿಗೆ ಮುಂದಕ್ಕೆ ತರಬೇಡಿ. ಬಿಗಿಯಾದ ಕೋಣೆಯಲ್ಲಿ ಜ್ವಾಲೆ ಬೇಗ ಹರಡುವುದರಿಂದ ಮುಂಗಡ ಕಿಡಿಯ ಅಗತ್ಯ ಕಡಿಮೆಯೇ ಆಗುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ಬಂದಾಗ ಯಾವುದರಿಂದ ಎಂದು ಗೊತ್ತಾಗುವುದೂ ಇಲ್ಲ.

ಲಾಭ ಎಲ್ಲಿ ಕಾಣುತ್ತದೆ ಎಂಬುದನ್ನೂ ತಿಳಿದಿರಿ. ಕೆಳಗಿನ ಮತ್ತು ನಡುವಿನ ಆರ್‌ಪಿಎಮ್‌ನಲ್ಲಿ ಎಳೆತ ಸ್ಪಷ್ಟವಾಗಿ ಹೆಚ್ಚುತ್ತದೆ. ಮರಳಿನಿಂದ ಏಳುವಾಗ ಕ್ಲಚ್ ಕಡಿಮೆ ಬೇಕಾಗುತ್ತದೆ. ತುತ್ತತುದಿಯಲ್ಲಿ ಮಾತ್ರ ಲಾಭ ಕಡಿಮೆ. ಹೆಚ್ಚು ಹಿಂಡಿದ ಮಿಶ್ರಣ ತನ್ನ ಶಾಖವನ್ನು ಪಿಸ್ಟನ್ ತಳ್ಳುವುದಕ್ಕೇ ಹೆಚ್ಚಾಗಿ ಖರ್ಚು ಮಾಡುವುದರಿಂದ ಸೈಲೆನ್ಸರಿಗೆ ಹೋಗುವ ಹೊಗೆ ತುಸು ತಣ್ಣಗಿರುತ್ತದೆ. ತಣ್ಣಗಿನ ಹೊಗೆಯಲ್ಲಿ ಒತ್ತಡದ ಅಲೆ ನಿಧಾನವಾಗಿ ಸಾಗುತ್ತದೆ. ಎಕ್ಸ್‌ಪ್ಯಾನ್ಷನ್ ಚೇಂಬರ್ ಹೊಂದುವ ಆರ್‌ಪಿಎಮ್ ಆಗ ಸ್ವಲ್ಪ ಕೆಳಗೆ ಇಳಿಯುತ್ತದೆ. ಕೊನೆಯವರೆಗೂ ಕಿರುಚಿಸಿ ಓಡಿಸುವ ಅಭ್ಯಾಸ ಇರುವವರು ಅನುಪಾತವನ್ನು ಅತಿ ಮಾಡದಿರುವುದಕ್ಕೆ ಇದೂ ಒಂದು ಕಾರಣ. ಬ್ಯಾನ್ಶಿಗೆ ಸೆಲ್ಫ್ ಸ್ಟಾರ್ಟ್ ಇಲ್ಲ, ಕಿಕ್ ಗಟ್ಟಿಯಾಗುತ್ತದೆ ಎಂಬುದನ್ನೂ ನೆನಪಿಡಿ. ರಸ್ತೆಗೆ ನೋಂದಾಯಿಸಿದ ಬೈಕ್ ಇರುವವರು ಇನ್ನೊಂದು ವಿಷಯ ಗಮನಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ವಿವರಕ್ಕೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಇಂಥ ಪ್ರಯೋಗ ಖಾಸಗಿ ಟ್ರ್ಯಾಕಿನ ಗಾಡಿಗೆ ಇರಲಿ.

ಓಡಿಸಿದ ಮೇಲೆ ಪರೀಕ್ಷೆ ಹೀಗೆ: ಹೊಸ ಪ್ಲಗ್ ಹಾಕಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮೇಲಿನ ಗೇರಿನಲ್ಲಿ ಕೆಲವು ಕ್ಷಣ ಪೂರ್ತಿ ಥ್ರಾಟಲ್ ಕೊಟ್ಟು, ಕ್ಲಚ್ ಹಿಡಿದು ತಕ್ಷಣ ಕಿಲ್ ಸ್ವಿಚ್ ಒತ್ತಿ. ಪ್ಲಗ್ಗಿನ ಬಿಳಿ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿ. ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳೋ, ಹೊಳೆಯುವ ಅಲ್ಯೂಮಿನಿಯಂ ಕಣಗಳೋ ಕಂಡರೆ ನಾಕಿಂಗ್ ಆಗುತ್ತಿದೆ. ಅಲ್ಲಿಗೇ ನಿಲ್ಲಿಸಿ, ಹೆಡ್ ತೆಗೆಯಿರಿ. ಪಿಸ್ಟನ್ನಿನ ಹೊರ ಅಂಚು, ಅದಕ್ಕೆ ಎದುರಾದ ಸ್ಕ್ವಿಶ್ ಪಟ್ಟಿ ಎರಡೂ ಮರಳು ಚಿಮ್ಮಿಸಿದ ಹಾಗೆ ಒರಟಾಗಿದ್ದರೆ ಅದು ಖಚಿತ. ಆಗ ಮೊದಲು ಜೆಟ್ ದೊಡ್ಡದು ಮಾಡಿ, ನಂತರ ಪೆಟ್ರೋಲ್ ಬದಲಿಸಿ. ಎರಡಕ್ಕೂ ಬಗ್ಗದಿದ್ದರೆ ಗುಳಿಯನ್ನು ಅರ್ಧ ಸಿಸಿಯಷ್ಟು ಕೊರೆಯಿಸಿ, ಒರಟು ಮೈಯನ್ನು ಎಮರಿಯಿಂದ ನಯಮಾಡಿ, ಹೊಸ ಪ್ಲಗ್ಗಿನೊಂದಿಗೆ ಇದೇ ಪರೀಕ್ಷೆಯನ್ನು ಮತ್ತೆ ಮಾಡಿ.